ವೆಲ್ಲೆಸ್ಲಿ ಮನೆತನ: ವಂಶ, ವಾರಸುದಾರಿಕೆ ಮತ್ತು ಮೈಸೂರಿನ ರಾಜಕಾರಣ

1. ಪ್ರವೇಶ

1799ರ ಶ್ರೀರಂಗಪಟ್ಟಣದ ಪತನವನ್ನು ಕುರಿತ ಕನ್ನಡ ಬರಹಗಳಲ್ಲಿ 'ವೆಲ್ಲೆಸ್ಲಿ' ಎಂಬ ಹೆಸರು ಪದೇ ಪದೇ ಬರುತ್ತದೆ. ಆದರೆ ಈ ಹೆಸರು ಒಬ್ಬ ವ್ಯಕ್ತಿಯದಲ್ಲ. ಯುದ್ಧವನ್ನು ಯೋಜಿಸಿದ ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿ. ಕೋಟೆ ಕೈವಶವಾದ ಮೇಲೆ ಅದರ ಆಡಳಿತವನ್ನು ವಹಿಸಿಕೊಂಡವನು ಅವನ ತಮ್ಮ ಆರ್ಥರ್. ಮೈಸೂರು ರಾಜ್ಯದ ಭವಿಷ್ಯವನ್ನು ನಿರ್ಧರಿಸಲು ನೇಮಕಗೊಂಡ ಆಯೋಗದಲ್ಲಿ ಆರ್ಥರನ ಜೊತೆಗೆ ಕುಳಿತವನು ಇನ್ನೊಬ್ಬ ತಮ್ಮ ಹೆನ್ರಿ. ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಪೂರ್ಣಯ್ಯನವರು ಕಟ್ಟಿಸಿದ, 1804ರಲ್ಲಿ ಮುಗಿದ ಸೇತುವೆಗೆ ಇಟ್ಟದ್ದು ಅಣ್ಣನ ಹೆಸರು. ಆದರೆ ಊರಿನಲ್ಲಿ ಇದ್ದು ಆಳಿದವನು ತಮ್ಮನಾದುದರಿಂದ ಅದು ತಮ್ಮನ ಹೆಸರೆಂಬ ಭಾವನೆ ಬರುವುದು ಸಹಜ. ಹೀಗೆ ಮೂವರು ಸಹೋದರರು ಒಂದೇ ಹೆಸರಿನೊಳಗೆ ಕರಗಿಹೋಗಿದ್ದಾರೆ.

ಈ ಗೊಂದಲವನ್ನು ಕೇವಲ ಮಾಹಿತಿಯ ದೋಷವೆಂದು ತಿದ್ದಿ ಮುಂದೆ ಸಾಗಬಹುದು. ಆದರೆ ಅದರ ಹಿಂದೆ ಒಂದು ಗಂಭೀರ ಪ್ರಶ್ನೆಯಿದೆ. ಒಂದು ರಾಜ್ಯದ ಹಣೆಬರಹವನ್ನು ಒಂದೇ ತಾಯಿಯ ಮೂವರು ಮಕ್ಕಳು ಬರೆಯುವಂತಾದದ್ದು ಹೇಗೆ? ವಸಾಹತುಶಾಹಿ ಆಡಳಿತವನ್ನು ಕಾನೂನು, ನಿಯಮ, ಕಡತಗಳ ಮೂಲಕ ನಡೆಯುವ ಯಂತ್ರವೆಂದೂ ದೇಶೀಯ ಪ್ರಭುತ್ವವನ್ನು ರಕ್ತಸಂಬಂಧ, ಒಲವು, ಅಂತಃಪುರಗಳ ವ್ಯವಹಾರವೆಂದೂ ನೋಡುವ ರೂಢಿ ವಸಾಹತು ಕಾಲದ ಬರಹಗಳಿಂದಲೇ ಬಂದುದಾಗಿದೆ. ರಿಚರ್ಡ್ ವೆಲ್ಲೆಸ್ಲಿಯ ಬದುಕು ಹಾಗೂ ಅವನ ಕುಟುಂಬದ ಚರಿತ್ರೆ ಈ ವಿಭಜನೆಯನ್ನು ಪ್ರಶ್ನಿಸುತ್ತದೆ. ಪ್ರಸ್ತುತ ಲೇಖನದಲ್ಲಿ ಆ ಬದುಕಿನ ಮುಖ್ಯ ಘಟ್ಟಗಳನ್ನು ಗುರುತಿಸಿ, ವಂಶ ಮತ್ತು ವಾರಸುದಾರಿಕೆಯ ಪ್ರಶ್ನೆ ಅವನ ಮನೆಯಲ್ಲೂ ಮೈಸೂರಿನ ಅರಮನೆಯಲ್ಲೂ ಪಡೆದುಕೊಂಡ ರೂಪಗಳನ್ನು ಪರಿಶೀಲಿಸಲಾಗಿದೆ.

2. ಮನೆತನದ ಹಿನ್ನೆಲೆ

ವೆಲ್ಲೆಸ್ಲಿಗಳು ಇಂಗ್ಲೆಂಡಿನ ನೆಲದವರಲ್ಲ. ಐರ್ಲೆಂಡಿನಲ್ಲಿ ನೆಲೆಸಿದ್ದ ಪ್ರಾಟೆಸ್ಟೆಂಟ್ ಭೂಮಾಲೀಕ ವರ್ಗಕ್ಕೆ ಸೇರಿದವರು. ಬಹುಸಂಖ್ಯಾತ ಕ್ಯಾಥೊಲಿಕ್ ರೈತರ ಮೇಲೆ ಯಜಮಾನಿಕೆ ನಡೆಸುತ್ತಿದ್ದ ಈ ವರ್ಗ ತಾನೇ ಒಂದು ಬಗೆಯ ವಸಾಹತು ಸಮುದಾಯವಾಗಿತ್ತು. ಮನೆತನದ ಹೆಸರೂ ಮೂಲತಃ ಅವರದಲ್ಲ. ರಿಚರ್ಡನ ತಾತ ರಿಚರ್ಡ್ ಕಾಲಿ ಎಂಬುವನು 1728ರಲ್ಲಿ ಸಂತಾನವಿಲ್ಲದ ತನ್ನ ಬಂಧು ಗ್ಯಾರೆಟ್ ವೆಸ್ಲಿಯ ಆಸ್ತಿಗೆ ಉತ್ತರಾಧಿಕಾರಿಯಾದಾಗ ಆಸ್ತಿಯೊಡನೆ 'ವೆಸ್ಲಿ' ಎಂಬ ಕುಲನಾಮವನ್ನೂ ಸ್ವೀಕರಿಸಿದನು. ಅವನಿಗೆ 1746ರಲ್ಲಿ ಮಾರ್ನಿಂಗ್ಟನ್ ಬ್ಯಾರನ್ ಪದವಿ ದೊರೆಯಿತು. ಅವನ ಮಗ ಗ್ಯಾರೆಟ್ 1760ರಲ್ಲಿ ಮಾರ್ನಿಂಗ್ಟನ್ನಿನ ಅರ್ಲ್ ಆದನು. ವೆಸ್ಲಿ ಎಂಬುದನ್ನು 'ವೆಲ್ಲೆಸ್ಲಿ' ಎಂಬ ಹಳೆಯ ರೂಪಕ್ಕೆ ಮರಳಿಸಿದವನು ಮೊಮ್ಮಗ ರಿಚರ್ಡ್. ತಮ್ಮ ಆರ್ಥರ್ 1798ರವರೆಗೂ ವೆಸ್ಲಿ ಎಂದೇ ಸಹಿ ಮಾಡುತ್ತಿದ್ದನು. ಅಂದರೆ ಮೈಸೂರಿನ ಚರಿತ್ರೆಯಲ್ಲಿ ಅಚ್ಚೊತ್ತಿದ ಈ ಕುಲನಾಮ ಮೈಸೂರು ಯುದ್ಧದ ಕಾಲಕ್ಕೆ ಇನ್ನೂ ಹೊಸದಾಗಿತ್ತು. ತಮ್ಮ ಮನೆತನ ಪ್ರಾಚೀನವೆಂದು ತೋರಿಸಿಕೊಳ್ಳುವ ಹಂಬಲವೂ ಅದರಲ್ಲಿ ಇದ್ದಿತು.

ಆಸ್ತಿಗಾಗಿ ಒಂದು ಕುಲದ ಹೆಸರನ್ನು ಬಿಟ್ಟು ಮತ್ತೊಂದನ್ನು ಧರಿಸುವ ಈ ಪದ್ಧತಿ ಭಾರತೀಯ ದತ್ತಕ ಪದ್ಧತಿಗೆ ಹತ್ತಿರವಾದಂತೆ ಕಾಣುತ್ತದೆ. ಆದರೆ ಎರಡರ ನಡುವೆ ಮೂಲಭೂತ ವ್ಯತ್ಯಾಸವಿದೆ. ಧರ್ಮಶಾಸ್ತ್ರದ ಪ್ರಕಾರ ದತ್ತುಪುತ್ರನು ಸ್ವೀಕರಿಸಿದ ತಂದೆಯ ಮಗನೇ ಆಗುತ್ತಾನೆ. ಪಿಂಡ ಮತ್ತು ಆಸ್ತಿಗಳ ಹಕ್ಕು ಅವನಿಗೆ ಬರುತ್ತದೆ. ಇಂಗ್ಲಿಷ್ ಕಾನೂನಿನಲ್ಲಿ ಆ ಕಾಲಕ್ಕೆ ದತ್ತಕಕ್ಕೆ ಮಾನ್ಯತೆಯೇ ಇರಲಿಲ್ಲ. ಆಸ್ತಿಯನ್ನು ಉಯಿಲಿನ ಮೂಲಕ ಯಾರಿಗಾದರೂ ಕೊಡಬಹುದಾಗಿತ್ತು, ಹೆಸರನ್ನೂ ಕೊಡಬಹುದಾಗಿತ್ತು. ಪುತ್ರತ್ವವನ್ನು ಮಾತ್ರ ಕೊಡಲಾಗುತ್ತಿರಲಿಲ್ಲ.

ರಿಚರ್ಡನ ತಂದೆ ಗ್ಯಾರೆಟ್ ಸಂಗೀತಪ್ರೇಮಿ. ಸ್ವತಃ ಸಂಗೀತ ರಚನಕಾರನಾಗಿದ್ದು, ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಮೊದಲ ಸಂಗೀತ ಪ್ರಾಧ್ಯಾಪಕನೂ ಆಗಿದ್ದನು. ತಾಯಿ ಆನ್, ಡಂಗ್ಯಾನನ್ ವೈಕೌಂಟನ ಮಗಳು. 1781ರಲ್ಲಿ ಗ್ಯಾರೆಟ್ ತೀರಿಕೊಂಡಾಗ ಮನೆತನದ ತಲೆಯ ಮೇಲೆ ಸಾಲದ ಹೊರೆಯಿತ್ತು. 1760ರ ಜೂನ್ 20ರಂದು ಹುಟ್ಟಿದ ರಿಚರ್ಡನಿಗೆ ಆಗ ಇಪ್ಪತ್ತೊಂದು ವರ್ಷ ಕೂಡ ತುಂಬಿರಲಿಲ್ಲ. ಈಟನ್ ಶಾಲೆಯಲ್ಲಿ ಓದಿ, ಆಕ್ಸ್‌ಫರ್ಡಿನಲ್ಲಿ ಲ್ಯಾಟಿನ್ ಪದ್ಯರಚನೆಗೆ ಬಹುಮಾನ ಪಡೆದಿದ್ದ ಅವನು ಪದವಿ ಪಡೆಯದೆಯೇ ವಿಶ್ವವಿದ್ಯಾಲಯವನ್ನು ಬಿಟ್ಟು ಮನೆಯ ಯಜಮಾನಿಕೆಯನ್ನು ವಹಿಸಿಕೊಳ್ಳಬೇಕಾಯಿತು. ಡಂಗನ್ನಿನ ಪಿತ್ರಾರ್ಜಿತ ಎಸ್ಟೇಟು ಮುಂದೆ ಮಾರಾಟವಾಯಿತು.

3. ಜ್ಯೇಷ್ಠಾಧಿಕಾರ ಮತ್ತು ತಮ್ಮಂದಿರು

ಇಂಗ್ಲಿಷ್ ಶ್ರೀಮಂತ ವರ್ಗದ ಕುಟುಂಬ ವ್ಯವಸ್ಥೆಯ ಬೆನ್ನೆಲುಬು ಜ್ಯೇಷ್ಠಾಧಿಕಾರ. ಪದವಿ ಮತ್ತು ಭೂಮಿಯ ಮುಖ್ಯ ಭಾಗ ಹಿರಿಯ ಮಗನಿಗೆ ಸಲ್ಲುತ್ತಿತ್ತು. ಮಿತಾಕ್ಷರ ಪದ್ಧತಿಯಲ್ಲಿ ಗಂಡುಮಕ್ಕಳೆಲ್ಲರಿಗೂ ಹುಟ್ಟಿನಿಂದಲೇ ಪಾಲಿನ ಹಕ್ಕು ಬರುವಂತೆ ಇಲ್ಲಿ ಕಿರಿಯರಿಗೆ ಬರುತ್ತಿರಲಿಲ್ಲ. ಅವರು ಸೈನ್ಯ, ಚರ್ಚು, ರಾಯಭಾರ, ಸಂಸತ್ತು ಅಥವಾ ವಸಾಹತು ಆಡಳಿತಗಳಲ್ಲಿ ಜೀವನ ಕಂಡುಕೊಳ್ಳಬೇಕಾಗಿತ್ತು. ಅದಕ್ಕೆ ಬೇಕಾದ ಹಣ, ಶಿಫಾರಸು, ಸ್ಥಾನಗಳನ್ನು ಒದಗಿಸುವುದು ಅಣ್ಣನ ಹೊಣೆ. ಪಾಲು ಕೊಡದ ಅಣ್ಣ ದಾರಿ ತೋರಿಸಬೇಕೆಂಬುದು ಈ ವ್ಯವಸ್ಥೆಯ ಅಲಿಖಿತ ಒಡಂಬಡಿಕೆ.

ರಿಚರ್ಡ್ ಈ ಹೊಣೆಯನ್ನು ಹೊತ್ತನು. ಟ್ರಿಮ್ ಎಂಬ ಊರಿನಿಂದ ಐರಿಷ್ ಸಂಸತ್ತಿಗೆ ಹೋಗುವ ಸ್ಥಾನ ಮನೆತನದ ಹಿಡಿತದಲ್ಲಿತ್ತು. ವಿಲಿಯಂ, ಆರ್ಥರ್, ಹೆನ್ರಿ ಮೂವರೂ ಬೇರೆ ಬೇರೆ ಅವಧಿಗಳಲ್ಲಿ ಅದರಿಂದ ಸಂಸತ್ತನ್ನು ಪ್ರವೇಶಿಸಿದರು. ಇನ್ನೊಬ್ಬ ತಮ್ಮ ಜೆರಾಲ್ಡ್ ಚರ್ಚಿನ ಸೇವೆಗೆ ಹೋದನು. ಸೈನ್ಯದಲ್ಲಿ ಅಧಿಕಾರಿ ಹುದ್ದೆಗಳನ್ನು ಹಣ ತೆತ್ತು ಕೊಳ್ಳುವ ಪದ್ಧತಿ 1871ರವರೆಗೂ ಜಾರಿಯಲ್ಲಿತ್ತು. ಆರ್ಥರ್ 1793ರಲ್ಲಿ 33ನೆಯ ರೆಜಿಮೆಂಟಿನಲ್ಲಿ ಲೆಫ್ಟಿನೆಂಟ್ ಕರ್ನಲ್ ಹುದ್ದೆಯನ್ನು ಕೊಂಡುಕೊಳ್ಳಲು ಹಣವಿತ್ತವನು ರಿಚರ್ಡ್. ಶ್ರೀರಂಗಪಟ್ಟಣದ ಲೂಟಿಯ ಪಾಲಾಗಿ ಆರ್ಥರನಿಗೆ ಸುಮಾರು 4,000 ಪೌಂಡು ದೊರೆತಾಗ ಅವನು ಈ ಸಾಲವನ್ನು ತೀರಿಸಲು ಮುಂದಾದನು, ಅಣ್ಣ ಒಪ್ಪಲಿಲ್ಲ. ಮೈಸೂರಿನ ಸಂಪತ್ತು ಐರ್ಲೆಂಡಿನ ಒಂದು ಕುಟುಂಬದ ಒಳಸಾಲದ ಲೆಕ್ಕದೊಳಗೆ ಪ್ರವೇಶ ಪಡೆದ ಬಗೆಗೆ ಈ ಸಣ್ಣ ಸಂಗತಿ ಸಾಕ್ಷಿಯಾಗಿದೆ.

ರಿಚರ್ಡನ ರಾಜಕೀಯ ಏಳಿಗೆಯೂ ಇದೇ ಜಾಲದ ಫಲ. 1784ರಲ್ಲಿ ಅವನು ಬ್ರಿಟಿಷ್ ಹೌಸ್ ಆಫ್ ಕಾಮನ್ಸನ್ನು ಪ್ರವೇಶಿಸಿದನು. ಅವನು ಪ್ರತಿನಿಧಿಸಿದ ಕ್ಷೇತ್ರಗಳಲ್ಲಿ ಒಂದು ಓಲ್ಡ್ ಸೇರಮ್. ಜನವಸತಿಯೇ ಇಲ್ಲದೆ ಮತ ಮಾತ್ರ ಉಳಿದಿದ್ದ ಕೊಳೆತ ಕ್ಷೇತ್ರವೆಂದು ಅದು ಕುಪ್ರಸಿದ್ಧವಾಗಿತ್ತು. ಪ್ರಧಾನಿ ವಿಲಿಯಂ ಪಿಟ್ಟನ ಸ್ನೇಹದಿಂದ 1786ರಲ್ಲಿ ಖಜಾನೆಯಲ್ಲೂ 1793ರಲ್ಲಿ ಭಾರತದ ವ್ಯವಹಾರಗಳನ್ನು ನೋಡಿಕೊಳ್ಳುವ ನಿಯಂತ್ರಣ ಮಂಡಳಿಯಲ್ಲೂ ಸ್ಥಾನ ದೊರೆಯಿತು. 1797ರಲ್ಲಿ ಗವರ್ನರ್ ಜನರಲ್ ಆಗಿ ನೇಮಕಗೊಂಡು 1798ರ ಮೇ ತಿಂಗಳಲ್ಲಿ ಕಲ್ಕತ್ತೆಯನ್ನು ತಲುಪಿದನು. ಹೆನ್ರಿ ಖಾಸಗಿ ಕಾರ್ಯದರ್ಶಿಯಾಗಿ ಜೊತೆಗೆ ಬಂದನು. ಆರ್ಥರ್ ತನ್ನ ರೆಜಿಮೆಂಟಿನೊಡನೆ ಹಿಂದಿನ ವರ್ಷವೇ ಭಾರತಕ್ಕೆ ಬಂದಿದ್ದನು.

4. ಇಯಾಸಿಂತ್ ರೋಲಾಂ ಮತ್ತು ಐದು ಮಕ್ಕಳು

ರಿಚರ್ಡ್ ಭಾರತಕ್ಕೆ ಬಂದಾಗ ಹೆಂಡತಿ ಜೊತೆಗಿರಲಿಲ್ಲ. ಇಯಾಸಿಂತ್ ಗಾಬ್ರಿಯೆಲ್ ರೋಲಾಂ ಪ್ಯಾರಿಸ್ಸಿನ ರಂಗಭೂಮಿಯ ನಟಿ. ಇಬ್ಬರೂ ಹಲವು ವರ್ಷ ಒಟ್ಟಿಗೆ ಬಾಳಿ, ಐದು ಮಕ್ಕಳನ್ನು ಪಡೆದ ಮೇಲೆ 1794ರ ನವೆಂಬರ್ 29ರಂದು ಮದುವೆಯಾದರು. ರಿಚರ್ಡ್, ಆನ್, ಇಯಾಸಿಂತ್, ಜೆರಾಲ್ಡ್, ಹೆನ್ರಿ ಎಂಬ ಈ ಐವರೂ 1787ರಿಂದ 1794ರ ಅವಧಿಯಲ್ಲಿ, ಮದುವೆಗೆ ಮೊದಲು ಹುಟ್ಟಿದವರು.

ಇಂಗ್ಲಿಷ್ ಕಾನೂನು ಇಲ್ಲಿ ನಿಷ್ಠುರವಾಗಿತ್ತು. ತಂದೆತಾಯಿಗಳು ಅನಂತರ ಮದುವೆಯಾದರೂ ಮೊದಲೇ ಹುಟ್ಟಿದ ಮಕ್ಕಳು ಔರಸರಾಗುತ್ತಿರಲಿಲ್ಲ. ಸ್ಕಾಟ್ಲೆಂಡಿನ ಕಾನೂನು ಇದಕ್ಕೆ ಅವಕಾಶ ನೀಡಿದ್ದರೂ ಇಂಗ್ಲೆಂಡಿನಲ್ಲಿ ಇಂಥ ಮಾನ್ಯತೆ ದೊರೆತುದು 1926ರ ಕಾಯಿದೆಯಿಂದ. ಆ ಕಾಯಿದೆಯೂ ಶ್ರೀಮಂತ ಪದವಿಗಳ ಉತ್ತರಾಧಿಕಾರವನ್ನು ಹೊರಗಿಟ್ಟಿತು. ದತ್ತಕವನ್ನು ಕಾನೂನುಬದ್ಧಗೊಳಿಸಿದ ಕಾಯಿದೆಯೂ ಅದೇ 1926ರಲ್ಲಿ ಬಂದುದು ಗಮನಾರ್ಹ. ಹೀಗಾಗಿ ರಿಚರ್ಡನಿಗೆ ಮೂವರು ಗಂಡುಮಕ್ಕಳಿದ್ದರೂ ಕಾನೂನಿನ ದೃಷ್ಟಿಯಲ್ಲಿ ಉತ್ತರಾಧಿಕಾರಿ ಇರಲಿಲ್ಲ. ಅವನು ಮನೆತನಕ್ಕೆ ಗಳಿಸುವ ಯಾವ ಪದವಿಯೂ ತನ್ನ ಮಕ್ಕಳಿಗೆ ಹೋಗುವಂತಿರಲಿಲ್ಲ.

ಲಂಡನ್ನಿನ ಶ್ರೀಮಂತ ಸಮಾಜ ಇಯಾಸಿಂತಳನ್ನು ಮನಃಪೂರ್ವಕವಾಗಿ ಒಪ್ಪಿಕೊಳ್ಳಲಿಲ್ಲ. ಮಕ್ಕಳನ್ನು ಬಿಟ್ಟು ಭಾರತಕ್ಕೆ ಬರಲು ಅವಳು ಸಿದ್ಧಳಿರಲಿಲ್ಲ. ಏಳು ವರ್ಷಗಳ ಅಗಲಿಕೆಯಲ್ಲಿ ಇಬ್ಬರ ನಡುವೆ ಫ್ರೆಂಚ್ ಭಾಷೆಯಲ್ಲಿ ಪತ್ರವ್ಯವಹಾರ ನಡೆಯಿತು. ಐರಿಸ್ ಬಟ್ಲರ್ 1973ರಲ್ಲಿ ಪ್ರಕಟಿಸಿದ ರಿಚರ್ಡನ ಜೀವನಚರಿತ್ರೆ ಈ ಖಾಸಗಿ ಪತ್ರಗಳನ್ನು ಬಳಸಿಕೊಂಡಿದೆ. ಮಾಂಟ್ಗೊಮರಿ ಮಾರ್ಟಿನ್ 1836–37ರಲ್ಲಿ ಐದು ಸಂಪುಟಗಳಲ್ಲಿ ಹೊರತಂದ ಅಧಿಕೃತ ರವಾನೆಪತ್ರಗಳಲ್ಲಿ ಕಾಣುವ ದೃಢ, ಅಲಂಕಾರಪ್ರಿಯ ಆಡಳಿತಗಾರನಿಗೂ ಖಾಸಗಿ ಪತ್ರಗಳ ಏಕಾಕಿ, ಅತೃಪ್ತ ಮನುಷ್ಯನಿಗೂ ದೊಡ್ಡ ಅಂತರವಿದೆ. ಸರಕಾರಿ ಕಡತವನ್ನೇ ನೆಚ್ಚಿದ ಚರಿತ್ರೆ ಮೊದಲನೆಯವನನ್ನು ಮಾತ್ರ ಬಲ್ಲದು. ಸ್ವದೇಶಕ್ಕೆ ಮರಳಿದ ಮೇಲೆ ದಂಪತಿಗಳು ಬೇರೆಯಾದರು. ಇಯಾಸಿಂತ್ 1816ರಲ್ಲಿ ನಿಧನಳಾದಳು.

5. ಮೈಸೂರಿನಲ್ಲಿ ವಾರಸುದಾರಿಕೆಯ ನಿರ್ಣಯ

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಟಿಪ್ಪು ಸುಲ್ತಾನ ಹೋರಾಟದಲ್ಲಿ ಮಡಿದನು. ಕೋಟೆಯ ಮೇಲಿನ ದಾಳಿಯ ಮುಂದಾಳತ್ವ ವಹಿಸಿದವನು ಡೇವಿಡ್ ಬೇರ್ಡ್; ಆದರೆ ಕೋಟೆಯ ಅಧಿಕಾರ ಆರ್ಥರನ ಕೈಸೇರಿತು. ನೇಮಕ ಮಾಡಿದವನು ಸೇನಾಪತಿ ಹ್ಯಾರಿಸ್ ಆಗಿದ್ದರೂ ಗವರ್ನರ್ ಜನರಲನ ತಮ್ಮನೆಂಬ ಕಾರಣವೇ ಇದರ ಹಿಂದೆ ಇದೆಯೆಂಬ ಅಸಮಾಧಾನ ಬೇರ್ಡನಲ್ಲಿ ಉಳಿಯಿತು. ಮದರಾಸಿನಲ್ಲಿದ್ದ ರಿಚರ್ಡ್ ಮೈಸೂರಿನ ವ್ಯವಸ್ಥೆಗಾಗಿ ಹ್ಯಾರಿಸ್, ಆರ್ಥರ್ ವೆಲ್ಲೆಸ್ಲಿ, ಹೆನ್ರಿ ವೆಲ್ಲೆಸ್ಲಿ, ವಿಲಿಯಂ ಕರ್ಕ್‌ಪ್ಯಾಟ್ರಿಕ್ ಮತ್ತು ಬ್ಯಾರಿ ಕ್ಲೋಸ್ ಎಂಬ ಐವರ ಆಯೋಗವನ್ನು ನೇಮಿಸಿದನು. ಜಾನ್ ಮಾಲ್ಕಮ್ ಮತ್ತು ಥಾಮಸ್ ಮನ್ರೊ ಅದರ ಕಾರ್ಯದರ್ಶಿಗಳು. ಐವರಲ್ಲಿ ಇಬ್ಬರು ಗವರ್ನರ್ ಜನರಲನ ಒಡಹುಟ್ಟಿದವರು.

ಆಯೋಗದ ಮುಂದಿದ್ದುದು ವಂಶದ ಪ್ರಶ್ನೆ: ಸಿಂಹಾಸನ ಟಿಪ್ಪುವಿನ ಮಕ್ಕಳಿಗೆ ಸಲ್ಲಬೇಕೆ, ಒಡೆಯರ ಮನೆತನಕ್ಕೆ ಮರಳಬೇಕೆ? ಟಿಪ್ಪುವಿನ ಪುತ್ರರು ಔರಸರು. ತಂದೆಯ ನೇರ ಉತ್ತರಾಧಿಕಾರಿಗಳು. ಅವರ ಹಕ್ಕನ್ನು ತಳ್ಳಿಹಾಕಲು ಹೈದರನ ಆಳ್ವಿಕೆಯೇ ಅಕ್ರಮ ಅಪಹರಣವೆಂಬ ವಾದವನ್ನು ಮುಂದಿಡಲಾಯಿತು. ಅವರನ್ನು ವೇಲೂರಿನ ಕೋಟೆಗೆ ಕಳುಹಿಸಿ, 1799ರ ಜೂನ್ 30ರಂದು ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟ ಕಟ್ಟಲಾಯಿತು. ಈ ಬಾಲಕನ ತಂದೆ ಖಾಸಾ ಚಾಮರಾಜ ಒಡೆಯರು ಹುಟ್ಟಿನಿಂದ ಸಿಂಹಾಸನಕ್ಕೆ ಬಂದವರಲ್ಲ; ಹೈದರನ ಕಾಲದಲ್ಲಿ, 1776ರಲ್ಲಿ, ಕಾರುಗಹಳ್ಳಿಯ ಅರಸು ಮನೆತನದಿಂದ ಆರಿಸಲ್ಪಟ್ಟು ರಾಣಿ ಲಕ್ಷ್ಮಮ್ಮಣ್ಣಿಯವರಿಗೆ ದತ್ತಕರಾಗಿ ಬಂದವರು. ಹಾಗಾಗಿ ಕಂಪನಿ ಎತ್ತಿಹಿಡಿದ ಪ್ರಾಚೀನ ರಾಜವಂಶದ ಹಕ್ಕು ದತ್ತಕದ ಮೂಲಕ ಹರಿದುಬಂದುದಾಗಿತ್ತು. ತನ್ನ ದೇಶದ ಕಾನೂನು ಒಪ್ಪದ ಪುತ್ರತ್ವವನ್ನು ರಿಚರ್ಡ್ ಇಲ್ಲಿ ರಾಜ್ಯವೊಂದರ ಅಡಿಪಾಯವಾಗಿ ಒಪ್ಪಿದನು. ತನ್ನ ದೇಶದ ಕಾನೂನು ಪ್ರಶ್ನಾತೀತವೆಂದು ಭಾವಿಸುತ್ತಿದ್ದ ಔರಸಪುತ್ರರ ಹಕ್ಕನ್ನು ನಿರಾಕರಿಸಿದನು.

ಈ ವೈದೃಶ್ಯವನ್ನು ವೈಯಕ್ತಿಕ ಮನೋವಿಜ್ಞಾನಕ್ಕೆ ಇಳಿಸುವುದು ಸರಿಯಾಗದು. ಮಕ್ಕಳಿಗೆ ಹಕ್ಕಿಲ್ಲದ ತಂದೆ ಅನ್ಯರ ಮಕ್ಕಳ ಹಕ್ಕನ್ನು ಕಿತ್ತುಕೊಂಡನೆಂಬ ವಿವರಣೆ ಆಕರ್ಷಕವಾಗಿದ್ದರೂ ಅದಕ್ಕೆ ಆಧಾರವಿಲ್ಲ. ನಿರ್ಣಯದ ಹಿಂದಿದ್ದುದು ಸ್ಪಷ್ಟವಾದ ರಾಜಕೀಯ ಲೆಕ್ಕಾಚಾರ. ಟಿಪ್ಪುವಿನ ಮಕ್ಕಳು ಫ್ರೆಂಚರ ಕಡೆ ವಾಲಬಹುದೆಂಬ ಭಯ. ಇಡೀ ರಾಜ್ಯವನ್ನು ಕಂಪನಿ ಮತ್ತು ನಿಜಾಮ ಹಂಚಿಕೊಂಡರೆ ಮರಾಠರು ಕೆರಳುವರೆಂಬ ಆತಂಕ. ಕೃತಜ್ಞತೆಯ ಋಣದಲ್ಲಿರುವ ಬಾಲರಾಜನಿಂದ ದೊರೆಯುವ ನಿಶ್ಚಿಂತೆ. ಜೂನ್ 22ರ ವಿಭಜನಾ ಒಪ್ಪಂದದಲ್ಲಿ ಕೆನರಾ ಮತ್ತಿತರ ಪ್ರದೇಶಗಳು ಕಂಪನಿಗೆ ಸೇರಿದವು. ಜುಲೈ 8ರ ಸಹಾಯಕ ಸೈನ್ಯ ಒಪ್ಪಂದದಂತೆ ಉಳಿದ ಮೈಸೂರು ವರ್ಷಕ್ಕೆ ಏಳು ಲಕ್ಷ ವರಹಗಳನ್ನು ತೆರಬೇಕಾಯಿತು. ಅಗತ್ಯವೆನಿಸಿದರೆ ಆಡಳಿತವನ್ನು ಕಂಪನಿ ನೇರವಾಗಿ ವಹಿಸಿಕೊಳ್ಳಬಹುದೆಂಬ ಕಲಮನ್ನೂ ಸೇರಿಸಲಾಯಿತು. ಇಲ್ಲಿ ಗ್ರಹಿಸಬೇಕಾದುದು ಇಷ್ಟು: ವಾರಸುದಾರಿಕೆ ಎಂಬುದು ಮೊದಲೇ ಇದ್ದ ಸತ್ಯವಲ್ಲ, ನಿರ್ಣಯಿಸುವ ಅಧಿಕಾರವುಳ್ಳವರು ಅದನ್ನು ಆಯಾ ಸಂದರ್ಭದಲ್ಲಿ ರೂಪಿಸುತ್ತಾರೆ.

6. ಜ್ಞಾನ, ಕನ್ನಡ ಮತ್ತು ವಿಜಯದ ದಿನಾಂಕ

ರಿಚರ್ಡನ ಆಡಳಿತ ಕನ್ನಡ ಅಧ್ಯಯನದೊಡನೆ ಹೊಂದಿರುವ ಸಂಬಂಧವನ್ನು ಇಲ್ಲಿ ನೆನೆಯಬೇಕು. 1800ರಲ್ಲಿ ಅವನು ಕಲ್ಕತ್ತೆಯಲ್ಲಿ ಫೋರ್ಟ್ ವಿಲಿಯಂ ಕಾಲೇಜನ್ನು ಸ್ಥಾಪಿಸಿದನು. ನಿಯಮಾವಳಿ ಅಂಗೀಕಾರವಾದದ್ದು ಜುಲೈ 10ರಂದು. ಆದರೆ ಅದಕ್ಕೆ ಹಾಕಿಸಿದ ದಿನಾಂಕ ಮೇ 4, ಅಂದರೆ ಶ್ರೀರಂಗಪಟ್ಟಣ ಬಿದ್ದ ದಿನದ ಮೊದಲ ವಾರ್ಷಿಕೋತ್ಸವ. ಕಲಿಸಬೇಕೆಂದು ಉದ್ದೇಶಿಸಿದ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದ್ದಿತು. ಆ ಕಾಲೇಜಿನ ಅಧ್ಯಾಪಕನಾಗಿದ್ದ ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಸೆರಾಂಪುರದಲ್ಲಿ ಅಚ್ಚಾಯಿತು. ಮೈಸೂರು, ಕೆನರಾ, ಮಲಬಾರ್ ಪ್ರದೇಶಗಳಲ್ಲಿ ಸಂಚರಿಸಿ ವರದಿ ಮಾಡಲು ಫ್ರಾನ್ಸಿಸ್ ಬುಕಾನನನನ್ನು 1800ರಲ್ಲಿ ಕಳುಹಿಸಿದವನೂ ರಿಚರ್ಡ್. ಆ ಪ್ರವಾಸಕಥನ 1807ರಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು. ಕಾಲಿನ್ ಮೆಕೆಂಜಿಯ ಮೈಸೂರು ಸರ್ವೇಕ್ಷಣೆ ಆರಂಭವಾದದ್ದೂ ಯುದ್ಧದ ಬೆನ್ನಲ್ಲೇ. ಇಂದು ಕನ್ನಡ ಸಂಶೋಧಕರು ಆಶ್ರಯಿಸುವ ಕೈಫಿಯತ್ತುಗಳ ಸಂಗ್ರಹಕ್ಕೆ ದಾರಿಯಾದದ್ದು ಅದೇ. ಆಕರಗಳನ್ನು ಬಳಸುವಾಗ ಅವು ಹುಟ್ಟಿದ ಸಂದರ್ಭವನ್ನು ಮರೆಯುವಂತಿಲ್ಲವೆಂಬ ಎಚ್ಚರವನ್ನು ಕಾಲೇಜಿನ ಆ ದಿನಾಂಕವೇ ನೀಡುತ್ತದೆ.

7. ಅನಂತರದ ಬದುಕು: ಅಣ್ಣ ಮತ್ತು ತಮ್ಮ

1799ರ ಗೆಲುವಿಗಾಗಿ ರಿಚರ್ಡನಿಗೆ ಮಾರ್ಕ್ವಿಸ್ ಪದವಿ ದೊರೆಯಿತು. ಆದರೆ ಅದು ಐರಿಷ್ ಪದವಿ. ಇಂಗ್ಲಿಷ್ ಪದವಿಗಿಂತ ಕೆಳಮಟ್ಟದ್ದು. ಅವನು ಇದನ್ನು ಅವಮಾನವೆಂದೇ ಬಗೆದು, ಚಿನ್ನದ ನೀರು ಕುಡಿಸಿದ ಆಲೂಗಡ್ಡೆಯೆಂದು ಕಟುವಾಗಿ ಹಳಿದನು. ಶ್ರೀರಂಗಪಟ್ಟಣದ ಸಂಪತ್ತಿನಿಂದ ನೀಡಬಂದ ಒಂದು ಲಕ್ಷ ಪೌಂಡುಗಳನ್ನು ನಿರಾಕರಿಸಿದ್ದ ಅವನಿಗೆ ಕಂಪನಿ ವರ್ಷಕ್ಕೆ 5,000 ಪೌಂಡುಗಳಂತೆ ಇಪ್ಪತ್ತು ವರ್ಷಗಳ ವರ್ಷಾಶನ ನೀಡಿತು. 1801ರಲ್ಲಿ ಔಧ್‌ನಿಂದ ಪಡೆದ ಪ್ರದೇಶಗಳ ಮೇಲೆ ಹೆನ್ರಿಯನ್ನು ಲೆಫ್ಟಿನೆಂಟ್ ಗವರ್ನರನಾಗಿ ನೇಮಿಸಿದಾಗ ಕಂಪನಿಯ ನಿರ್ದೇಶಕರು ಸ್ವಜನಪಕ್ಷಪಾತವೆಂದು ಆಕ್ಷೇಪಿಸಿದರು. 1805ರಲ್ಲಿ ಅವನು ಹಿಂದಿರುಗಬೇಕಾಯಿತು. ಅನಂತರ 1809ರಲ್ಲಿ ಸ್ಪೇನಿನ ರಾಯಭಾರಿ, 1809ರಿಂದ 1812ರವರೆಗೆ ವಿದೇಶಾಂಗ ಸಚಿವ, 1821ರಿಂದ 1828ರವರೆಗೂ ಮತ್ತೆ 1833–34ರಲ್ಲೂ ಐರ್ಲೆಂಡಿನ ಲಾರ್ಡ್ ಲೆಫ್ಟಿನೆಂಟ್ ಆಗಿದ್ದರೂ ಅವನು ಬಯಸಿದ ಪ್ರಧಾನಿ ಸ್ಥಾನ ಕೈಗೂಡಲಿಲ್ಲ.

ಆ ಸ್ಥಾನ ದೊರೆತದ್ದು ಅವನು ಹಣ ಕೊಟ್ಟು ಬೆಳೆಸಿದ ತಮ್ಮನಿಗೆ. ವಾಟರ್‌ಲೂ ವಿಜೇತ ವೆಲಿಂಗ್ಟನ್ ಡ್ಯೂಕ್ ಆಗಿದ್ದ ಆರ್ಥರ್ 1828ರ ಜನವರಿಯಲ್ಲಿ ಪ್ರಧಾನಿಯಾದನು. ತನ್ನ ಸಂಪುಟಕ್ಕೆ ಅಣ್ಣನನ್ನು ಸೇರಿಸಿಕೊಳ್ಳಲಿಲ್ಲ. ಕ್ಯಾಥೊಲಿಕರಿಗೆ ರಾಜಕೀಯ ಹಕ್ಕು ನೀಡಬೇಕೆಂಬ ವಿಷಯದಲ್ಲಿ ಸಹೋದರರಿಗೆ ಭಿನ್ನಾಭಿಪ್ರಾಯವಿತ್ತು. ರಿಚರ್ಡ್ ಅದರ ಪರವಾಗಿದ್ದನು. 1825ರಲ್ಲಿ ಅವನು ವರಿಸಿದ ಎರಡನೆಯ ಹೆಂಡತಿ ಮೇರಿಯಾನ್ ಪ್ಯಾಟರ್ಸನ್ ಕ್ಯಾಥೊಲಿಕ್ ಮತದ ಅಮೆರಿಕನ್ ವಿಧವೆ. ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ ಚಾರ್ಲ್ಸ್ ಕ್ಯಾರಲನ ಮೊಮ್ಮಗಳು. 1828ರಲ್ಲಿ ರಿಚರ್ಡ್ ಐರ್ಲೆಂಡಿನ ಹುದ್ದೆಯನ್ನು ತ್ಯಜಿಸಿದನು. ಮರುವರ್ಷ ಆರ್ಥರನೇ ಕ್ಯಾಥೊಲಿಕ್ ವಿಮೋಚನೆಯ ಕಾಯಿದೆಯನ್ನು ಜಾರಿಗೆ ತರಬೇಕಾಯಿತು. ಕಾಲಕ್ರಮದಲ್ಲಿ ವಿಲಿಯಂ ಮೇರಿಬರೊ ಬ್ಯಾರನ್ ಆಗಿಯೂ ಹೆನ್ರಿ ಕೌಲಿ ಬ್ಯಾರನ್ ಆಗಿಯೂ ಹೌಸ್ ಆಫ್ ಲಾರ್ಡ್ಸನ್ನು ಪ್ರವೇಶಿಸಿದರು. ಒಂದೇ ತಾಯಿಯ ನಾಲ್ವರು ಮಕ್ಕಳು ಆ ಸಭೆಯಲ್ಲಿ ಒಟ್ಟಿಗೆ ಕುಳಿತರು.

ಎರಡನೆಯ ವಿವಾಹದಿಂದ ಮಕ್ಕಳಾಗಲಿಲ್ಲ. ಕೊನೆಯ ದಿನಗಳಲ್ಲಿ ಸಾಲ ಮತ್ತೆ ಕಾಡಿತು. 1837ರಲ್ಲಿ ಕಂಪನಿ 20,000 ಪೌಂಡುಗಳ ನೆರವು ಮಂಜೂರು ಮಾಡಿತು. ಲ್ಯಾಟಿನ್ ಪದ್ಯಗಳನ್ನು ರಚಿಸುವ ಹವ್ಯಾಸವನ್ನು ಮುಪ್ಪಿನಲ್ಲೂ ಬಿಡದಿದ್ದ ರಿಚರ್ಡ್ 1842ರ ಸೆಪ್ಟೆಂಬರ್ 26ರಂದು ನಿಧನನಾದನು. ಈಟನ್ ಶಾಲೆಯ ಪ್ರಾರ್ಥನಾಮಂದಿರದಲ್ಲಿ ಅವನನ್ನು ಸಮಾಧಿ ಮಾಡಲಾಯಿತು. ಮೈಸೂರಿನ ಗೆಲುವಿನಿಂದ ಬಂದ ಮಾರ್ಕ್ವಿಸ್ ಪದವಿ ಅವನೊಡನೆಯೇ ಅಳಿಯಿತು. ತಂದೆಯಿಂದ ಬಂದ ಅರ್ಲ್ ಪದವಿ ತಮ್ಮ ವಿಲಿಯಮನಿಗೆ ಹೋಗಿ, 1863ರಲ್ಲಿ ಆ ಶಾಖೆ ನಿಂತಾಗ ವೆಲಿಂಗ್ಟನ್ ಡ್ಯೂಕರ ಶಾಖೆಗೆ ಸೇರಿತು.

8. ಮಗಳ ಶಾಖೆ ಮತ್ತು ಬೆಂಟಿಂಕ್ ಸಂಬಂಧ

ಪದವಿಯ ದಾರಿ ಮುಚ್ಚಿದರೂ ರಕ್ತದ ದಾರಿ ಮುಂದುವರಿಯಿತು. ಮಕ್ಕಳಲ್ಲಿ ರಿಚರ್ಡ್ ಸಂಸತ್ ಸದಸ್ಯನಾದನು. ಜೆರಾಲ್ಡ್ ಕಂಪನಿಯ ಸೇವೆಗೆ ಸೇರಿ ಇಂದೂರಿನಲ್ಲಿ ರೆಸಿಡೆಂಟನಾದನು. ಹೆನ್ರಿ ಪಾದ್ರಿಯಾಗಿ, ಆಕ್ಸ್‌ಫರ್ಡಿನ ವಿದ್ಯಾಸಂಸ್ಥೆಯೊಂದರ ಮುಖ್ಯಸ್ಥನಾಗಿ, 1849ರಲ್ಲಿ ಗ್ರೀಕ್ ಪದ್ಯಗಳ ಬಹುಭಾಷಾ ಅನುವಾದಗಳ ಸಂಕಲನವನ್ನು ಹೊರತಂದನು. ಮಗಳು ಇಯಾಸಿಂತ್, ಮುಂದೆ ಹ್ಯಾದರ್ಟನ್ ಬ್ಯಾರನ್ ಆದ ಎಡ್ವರ್ಡ್ ಲಿಟಲ್ಟನ್ನನನ್ನು ಮದುವೆಯಾದಳು.

ಇನ್ನೊಬ್ಬ ಮಗಳು ಆನಳ ಬದುಕು ಮೈಸೂರಿನ ದೃಷ್ಟಿಯಿಂದ ವಿಶೇಷ ಗಮನಕ್ಕೆ ಅರ್ಹವಾದುದು. ಅವಳು 1806ರಲ್ಲಿ ಸರ್ ವಿಲಿಯಂ ಆಬ್ಡಿಯನ್ನು ವರಿಸಿ, 1815ರಲ್ಲಿ ಅವನನ್ನು ತೊರೆದು ಲಾರ್ಡ್ ಚಾರ್ಲ್ಸ್ ಬೆಂಟಿಂಕನೊಡನೆ ಹೊರಟುಹೋದಳು. ವಿಚ್ಛೇದನದ ಬಳಿಕ 1816ರಲ್ಲಿ ಅವನನ್ನು ಮದುವೆಯಾದಳು. ಚಾರ್ಲ್ಸ್ ಬೆಂಟಿಂಕ್, ಎರಡು ಬಾರಿ ಪ್ರಧಾನಿಯಾಗಿದ್ದ ಪೋರ್ಟ್‌ಲೆಂಡ್ ಡ್ಯೂಕನ ಮಗ. ಲಾರ್ಡ್ ವಿಲಿಯಂ ಬೆಂಟಿಂಕನ ತಮ್ಮ. ವಿಲಿಯಂ ಬೆಂಟಿಂಕ್ ಮದರಾಸಿನ ಗವರ್ನರನಾಗಿದ್ದಾಗಲೇ 1806ರಲ್ಲಿ ಟಿಪ್ಪುವಿನ ಮಕ್ಕಳಿದ್ದ ವೇಲೂರಿನಲ್ಲಿ ಸಿಪಾಯಿಗಳ ದಂಗೆ ನಡೆದು, ಅವರನ್ನು ಕಲ್ಕತ್ತೆಗೆ ಸಾಗಿಸಲಾಯಿತು. ಅವನೇ ಗವರ್ನರ್ ಜನರಲ್ ಆಗಿದ್ದಾಗ, ನಗರದ ರೈತದಂಗೆಯ ಹಿನ್ನೆಲೆಯಲ್ಲಿ, 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಮೈಸೂರಿನ ಆಡಳಿತವನ್ನು ಕಸಿದುಕೊಳ್ಳಲಾಯಿತು. ಅದಕ್ಕೆ ಆಧಾರವಾದದ್ದು 1799ರ ಒಪ್ಪಂದದ ಕಲಮು. ಕೊಟ್ಟವನ ಮಗಳು ಕಸಿದುಕೊಂಡವನ ತಮ್ಮನ ಹೆಂಡತಿ. ಈ ಸಂಬಂಧ 1831ರ ನಿರ್ಣಯಕ್ಕೆ ಕಾರಣವೆಂದು ಇಲ್ಲಿ ಹೇಳುತ್ತಿಲ್ಲ. ಆದರೆ ಮೈಸೂರಿನ ಮೇಲೆ ಅಧಿಕಾರ ನಡೆಸಿದವರು ಎಷ್ಟು ಇಕ್ಕಟ್ಟಾದ ಬಂಧುಬಳಗದಿಂದ ಬಂದವರೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಆನ್ ಮತ್ತು ಚಾರ್ಲ್ಸರ ಮಗ 1817ರಲ್ಲಿ, ಮದುವೆಯ ಅನಂತರ ಹುಟ್ಟಿದವನಾದುದರಿಂದ ಔರಸನೆನಿಸಿದನು. ಪಾದ್ರಿಯಾದ ಅವನ ಮಗಳು ಸಿಸಿಲಿಯಾ. ಸಿಸಿಲಿಯಾಳ ಮಗಳು ಎಲಿಜಬೆತ್ ಬೋಸ್-ಲಯನ್, ದೊರೆ ಆರನೆಯ ಜಾರ್ಜನ ರಾಣಿ. ಅವಳ ಮಗಳು ರಾಣಿ ಎರಡನೆಯ ಎಲಿಜಬೆತ್. 2022ರಲ್ಲಿ ಪಟ್ಟಕ್ಕೆ ಬಂದ ಮೂರನೆಯ ಚಾರ್ಲ್ಸ್ ಈ ಸಂತತಿಯವನೇ. ಮಾರ್ನಿಂಗ್ಟನ್ನಿನ ಅರ್ಲ್ ಪದವಿಗೂ ಅರ್ಹವಲ್ಲವೆಂದು ಕಾನೂನು ತಳ್ಳಿದ ಸಂತಾನ ನೂರು ವರ್ಷಗಳ ಬಳಿಕ ಬ್ರಿಟನ್ನಿನ ಸಿಂಹಾಸನದ ವಂಶವೃಕ್ಷದಲ್ಲಿ ಸೇರಿಕೊಂಡಿತು.

9. ಮುಮ್ಮಡಿಯವರ ಆಸ್ಥಾನದ ಕಡೆಯಿಂದ

ಇದೇ ಪ್ರಶ್ನೆಯನ್ನು ಮೈಸೂರಿನ ಕಡೆಯಿಂದಲೂ ನೋಡಬೇಕು. ಮುಮ್ಮಡಿ ಕೃಷ್ಣರಾಜ ಒಡೆಯರಿಗೂ ಸಂತತಿಯ ಕೊರತೆಯಿರಲಿಲ್ಲ. ಪಟ್ಟಕ್ಕೆ ಅರ್ಹನಾದ ಔರಸಪುತ್ರನಿರಲಿಲ್ಲ. ತಮ್ಮ ಸಂತತಿಯನ್ನು ಕಮಲದ ದಳಗಳಲ್ಲಿ ನಿರೂಪಿಸುವ 'ಸಂತಾನಾಂಬುಜ' ಚಿತ್ರವನ್ನು ಅವರು ಮಾಡಿಸಿದರು. 1865ರಲ್ಲಿ ಬೆಟ್ಟದಕೋಟೆ ಅರಸು ಮನೆತನದ ಚಾಮರಾಜೇಂದ್ರರನ್ನು ದತ್ತು ಸ್ವೀಕರಿಸಿದರು. 1799ರಲ್ಲಿ ದತ್ತಕದಿಂದ ಬಂದ ಹಕ್ಕನ್ನು ಸಂಕೋಚವಿಲ್ಲದೆ ಎತ್ತಿಹಿಡಿದ ಬ್ರಿಟಿಷ್ ಪ್ರಭುತ್ವ ಈಗ ದತ್ತಕವನ್ನು ಒಪ್ಪಲು ಹಿಂಜರಿಯಿತು, 1867ರಲ್ಲಷ್ಟೇ ಸಮ್ಮತಿಸಿತು. 1881ರಲ್ಲಿ ರಾಜ್ಯ ಮರಳಿ ದೊರೆತದ್ದು ಈ ದತ್ತುಪುತ್ರರಿಗೆ.

ಮುಮ್ಮಡಿಯವರ ಆಶ್ರಯದಲ್ಲಿದ್ದ ಕೆಂಪುನಾರಾಯಣನ 'ಮುದ್ರಾಮಂಜೂಷ' (1823) ನಂದರು ಅಳಿದು ಚಂದ್ರಗುಪ್ತ ಪಟ್ಟವೇರುವ ಕಥೆ. ಸಿಂಹಾಸನ ಯಾರಿಗೆ ಸಲ್ಲಬೇಕು, ಅರಸನನ್ನು ಮಾಡುವವರು ಯಾರು ಎಂಬ ಪ್ರಶ್ನೆಗಳು ಅದರ ಕೇಂದ್ರದಲ್ಲಿವೆ. ಸಂಸ್ಕೃತ ಮೂಲದ ವಸ್ತುವೆಂದು ಅದನ್ನು ಬದಿಗಿಡದೆ, ಅನ್ಯರಿಂದ ಪಟ್ಟ ಪಡೆದ ಅರಸನ ಆಸ್ಥಾನದಲ್ಲಿ ಆ ವಸ್ತು ಆಯ್ಕೆಯಾದುದರ ಔಚಿತ್ಯವನ್ನು ವಿಚಾರಿಸಬಹುದಾಗಿದೆ. ಹತ್ತೊಂಬತ್ತನೆಯ ಶತಮಾನದ ಆದಿಭಾಗದ ಕನ್ನಡ ಗದ್ಯವನ್ನು ಭಾಷಾಶೈಲಿಯ ನೆಲೆಯಲ್ಲಿ ಮಾತ್ರವಲ್ಲದೆ ಪ್ರಭುತ್ವದ ನೆಲೆಯಲ್ಲಿಯೂ ಓದಲು ಇದು ಎಡೆಮಾಡಿಕೊಡುತ್ತದೆ.

10. ಉಪಸಂಹಾರ

ಒಟ್ಟಾರೆಯಾಗಿ ಹೇಳುವುದಾದರೆ, ರಿಚರ್ಡ್ ವೆಲ್ಲೆಸ್ಲಿಯ ಚರಿತ್ರೆ ಒಬ್ಬ ವ್ಯಕ್ತಿಯ ಏಳುಬೀಳುಗಳ ಕಥೆಯಾಗಿ ನಿಲ್ಲುವುದಿಲ್ಲ. ಜ್ಯೇಷ್ಠಾಧಿಕಾರ ಕಿರಿಯರನ್ನು ಹೊರಗೆ ತಳ್ಳಿತು. ಹೊರಬಿದ್ದವರಿಗೆ ಸಾಮ್ರಾಜ್ಯ ನೆಲೆ ಒದಗಿಸಿತು. ಅಣ್ಣನ ಅಧಿಕಾರ ತಮ್ಮಂದಿರಿಗೆ ಏಣಿಯಾಯಿತು. ರಕ್ತಸಂಬಂಧದ ರಾಜಕಾರಣ ಮೈಸೂರಿನ ಅರಮನೆಯಲ್ಲಿ ಎಷ್ಟಿತ್ತೋ ಕಲ್ಕತ್ತೆಯ ಸರಕಾರದಲ್ಲೂ ಲಂಡನ್ನಿನ ಸಂಸತ್ತಿನಲ್ಲೂ ಅಷ್ಟೇ ಇದ್ದಿತು. ವ್ಯತ್ಯಾಸವಿದ್ದುದು ಹೆಸರಿಡುವ ಅಧಿಕಾರದಲ್ಲಿ: ಒಂದು ಕಡೆಯದು ಆಡಳಿತವೆನಿಸಿಕೊಂಡಿತು, ಇನ್ನೊಂದು ಕಡೆಯದು ಒಳಸಂಚು ಎನಿಸಿಕೊಂಡಿತು.

ಔರಸ, ಅನೌರಸ, ದತ್ತಕ ಎಂಬ ವರ್ಗಗಳೂ ಸ್ಥಿರವಾಗಿರಲಿಲ್ಲ. 1799ರಲ್ಲಿ ಔರಸರು ರಾಜ್ಯ ಕಳೆದುಕೊಂಡರು, ದತ್ತಕ ಪರಂಪರೆ ರಾಜ್ಯ ಪಡೆಯಿತು. ಈ ನಿರ್ಣಯ ಮಾಡಿದವನ ಸ್ವಂತ ಮಕ್ಕಳು ಏನನ್ನೂ ಪಡೆಯಲಿಲ್ಲ. ಮೈಸೂರು ಚರಿತ್ರೆಯನ್ನು ಕುರಿತ ಕನ್ನಡ ಸಂಶೋಧನೆ 'ವೆಲ್ಲೆಸ್ಲಿ'ಯನ್ನು ಒಂದು ಹೆಸರಾಗಿ ಅಲ್ಲದೆ ಒಂದು ಮನೆತನವಾಗಿ ಕಂಡರೆ, ಒಡೆಯರ ಮನೆತನವನ್ನೂ ಟಿಪ್ಪುವಿನ ಮನೆತನವನ್ನೂ ಅದರ ಪಕ್ಕದಲ್ಲಿಟ್ಟು ಒಂದೇ ಅಳತೆಗೋಲಿನಿಂದ ಅಳೆಯಲು ಸಾಧ್ಯವಾಗುತ್ತದೆ. ಅಂಥ ತೌಲನಿಕ ಅಧ್ಯಯನಕ್ಕೆ ಅಧಿಕೃತ ಕಡತಗಳಷ್ಟೇ ವಂಶಾವಳಿ, ಖಾಸಗಿ ಪತ್ರ, ಕೈಫಿಯತ್ತು ಮತ್ತು ಆಸ್ಥಾನ ಸಾಹಿತ್ಯಗಳೂ ಅನಿವಾರ್ಯ ಆಕರಗಳಾಗಿವೆ.